ಬೇಡ ಅನ್ನಲು ಜಾಗ ಇದೆಯಾ?

ಅಡ್ಮಿಷನ್ ಸಮಯದಲ್ಲಿ ಕೆಲವು ಪೋಷಕರು ಫೀಸು, ಬಸ್ಸು, ಹಾಸ್ಟೆಲ್ ಎಲ್ಲ ವಿಚಾರಿಸಿ ಮುಗಿಸುತ್ತಾರೆ. ಎದ್ದು ಹೋಗುವ ಮುಂಚೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳುತ್ತಾರೆ. "ಮೇಡಂ, ಇಲ್ಲಿ ಧರ್ಮದ್ದು ಅದು ಇದು ಅಂತ ಏನೂ ಇಲ್ಲ ಅಲ್ವಾ?" ಹಿಂದೂಗಳು ಕೇಳುತ್ತಾರೆ, ಮುಸ್ಲಿಮರು ಕೇಳುತ್ತಾರೆ, ಕ್ರೈಸ್ತರೂ ಕೇಳುತ್ತಾರೆ. ಎಲ್ಲರ ಭಯವೂ ಒಂದೇ. ಮಗಳು ಮನೆಯಿಂದ ಹೋದವಳಾಗಿಯೇ ವಾಪಸ್ ಬರುತ್ತಾಳಾ ಅನ್ನುವ ಭಯ.

ನಾನು ಕರಾವಳಿಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಆ ಪೋಷಕರಿಗೆ ನಾನು ಹೇಳುವುದು ಇಷ್ಟು: ತರಗತಿಯಲ್ಲಿ ಯಾರೂ ನಿಮ್ಮ ಮಗಳಿಗೆ ಧರ್ಮ ಬೋಧಿಸುವುದಿಲ್ಲ, ಬೋಧಿಸಿದರೆ ನನಗೆ ಹೇಳಿ. ಆದರೆ ಹಾಸ್ಟೆಲ್‌ನಲ್ಲಿ ಪಕ್ಕದ ಮಂಚದ ಹುಡುಗಿ ರಾತ್ರಿ ದೇವರ ಬಗ್ಗೆ ಮಾತಾಡುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ. ಕೊಡಲು ನನಗೆ ಮನಸ್ಸೂ ಇಲ್ಲ. ಹದಿನೆಂಟು, ಹತ್ತೊಂಬತ್ತರ ವಯಸ್ಸಿನಲ್ಲಿ ದೇವರು, ಸಾವು, ಜಾತಿ, ಪ್ರೀತಿ ಇವುಗಳ ಬಗ್ಗೆ ಮಾತಾಡದೆ ಇನ್ಯಾವಾಗ ಮಾತಾಡುವುದು?

ಈ ಎರಡನೇ ಮಾತು ಕೇಳಿ ಕೆಲವರ ಮುಖ ಸಪ್ಪಗಾಗುತ್ತದೆ. ಒಬ್ಬರು ಅರ್ಜಿ ಫಾರಂ ವಾಪಸ್ ತೆಗೆದುಕೊಂಡು ಹೋದದ್ದೂ ಇದೆ. ಆದರೂ ನಾನು ಮಾತು ಬದಲಿಸಿಲ್ಲ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಜಗಳ ಹೊಸದಲ್ಲ. ನಮ್ಮ ಮಂಗಳೂರಿನಲ್ಲೇ ಇದಕ್ಕೆ ಸುಮಾರು 180 ವರ್ಷ ವಯಸ್ಸಾಗಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದದ್ದು 1834ರಲ್ಲಿ. ಆಮೇಲೆ ಬಂದ ಹರ್ಮನ್ ಮೊಗ್ಲಿಂಗ್ ಹೆಸರು ಕನ್ನಡ ಓದಿದವರಿಗೆಲ್ಲ ಗೊತ್ತು. 1843ರಲ್ಲಿ ಶುರುವಾದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅವರದ್ದೇ. ಅದರ ಮರುವರ್ಷ, 1844ರ ಜನವರಿಯಲ್ಲಿ, ಮಿಶನ್ನಿನ ಸಂಪರ್ಕಕ್ಕೆ ಬಂದಿದ್ದ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಅವರಲ್ಲಿ ಒಬ್ಬ ಸಾರಸ್ವತ ಬ್ರಾಹ್ಮಣರ ಹುಡುಗ, ಆನಂದರಾವ್ ಕೌಂಡಿನ್ಯ. ತನಗೆ ದಾರಿ ತೋರಿಸಿದವರ ಹೆಸರನ್ನೇ ಮುಂದೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ.

ಬೊಂಬಾಯಿಯಲ್ಲಿ ಇದಕ್ಕೂ ಮೊದಲೇ, 1839ರಲ್ಲಿ, ಇಂಥದ್ದೇ ಆಗಿತ್ತು. ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ನಡೆಸುತ್ತಿದ್ದ ಶಾಲೆಯ ಇಬ್ಬರು ಪಾರ್ಸಿ ಹುಡುಗರು ಕ್ರೈಸ್ತರಾದರು. ಪಾರ್ಸಿ ಸಮಾಜ ಸಿಡಿದೆದ್ದಿತು. ವಿಷಯ ಕೋರ್ಟಿಗೆ ಹೋಯಿತು. ತಮ್ಮ ಮಕ್ಕಳನ್ನು ಬಿಡಿಸಿಕೊಡಿ ಎಂದು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಗೆಲ್ಲಲಿಲ್ಲ. ಆದರೆ ಶಾಲೆ ಖಾಲಿಯಾಗುತ್ತಾ ಬಂತು. ಪೋಷಕರು ತಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಬಿಡಿಸಿಕೊಂಡು ಹೋದರು.

ಪಾಠ ಮಾಡುವಾಗ ಈ ಭಾಗ ಬಂದರೆ ನನ್ನ ತರಗತಿ ಎರಡಾಗುತ್ತದೆ. "ಹುಡುಗರ ತಲೆ ಕೆಡಿಸಿದರು" ಅನ್ನುವವರು ಒಂದು ಕಡೆ. "ಅವರಿಗೆ ಬೇಕಿತ್ತು, ಹೋದರು, ಯಾರಿಗೇನು?" ಅನ್ನುವವರು ಇನ್ನೊಂದು ಕಡೆ. ಎರಡೂ ಅರ್ಧ ಮಾತು.

ಕೌಂಡಿನ್ಯ ಮೋಸಹೋದ ಹುಡುಗನಾಗಿರಲಿಲ್ಲ. ಬಾಸೆಲ್‌ಗೆ ಹೋಗಿ ವರ್ಷಗಟ್ಟಲೆ ಓದಿ, ಪಾದ್ರಿಯಾಗಿ ಮರಳಿ, ಜೀವನವಿಡೀ ಅದೇ ಕೆಲಸ ಮಾಡಿದ. ಅಷ್ಟು ದೀರ್ಘ ಬದುಕನ್ನು "ಪುಸಲಾಯಿಸಿದರು" ಅಂತ ಒಂದೇ ಮಾತಲ್ಲಿ ತಳ್ಳಿಹಾಕುವುದು ಆ ಮನುಷ್ಯನಿಗೆ ಮಾಡುವ ಅವಮಾನ. ಅವನಿಗೊಂದು ಮನಸ್ಸಿತ್ತು. ಅದರಿಂದ ಅವನು ಯೋಚಿಸಿದ.

ಆದರೆ ಇನ್ನೊಂದು ಪ್ರಶ್ನೆ ಬಾಕಿ ಉಳಿಯುತ್ತದೆ. ಅದು ಹುಡುಗನ ಬಗ್ಗೆ ಅಲ್ಲ, ಮೇಷ್ಟ್ರ ಬಗ್ಗೆ. ಆ ಕಾಲಕ್ಕೆ ಇಂಗ್ಲಿಷ್ ಕಲಿಸುವವನು ಸುಮ್ನೆ ಒಬ್ಬ ಮೇಷ್ಟ್ರು ಅಲ್ಲ. ಸರ್ಕಾರಿ ನೌಕರಿಯ ಬಾಗಿಲಿನ ಬೀಗದ ಕೈ ಅವನ ಹತ್ತಿರ ಇತ್ತು. ಮನೆಯವರು ಮಕ್ಕಳನ್ನು ಅಲ್ಲಿಗೆ ಕಳಿಸಿದ್ದು ಇಂಗ್ಲಿಷಿಗೆ. ಸಿಕ್ಕಿದ್ದು ಇಂಗ್ಲಿಷಿನ ಜೊತೆಗೆ ಬೈಬಲ್. ಒಂದು ಬೇಕಾದರೆ ಇನ್ನೊಂದನ್ನೂ ಕೇಳಿಸಿಕೊಳ್ಳಬೇಕು ಅನ್ನುವ ಏರ್ಪಾಡಿನಲ್ಲಿ, ಹುಡುಗ ಎಷ್ಟೇ ಸ್ವತಂತ್ರವಾಗಿ ಯೋಚಿಸಿದರೂ, ಹೇಳುವವನ ಕೈ ಮೇಲಿತ್ತು.

ಮೊಗ್ಲಿಂಗ್ ಬಗ್ಗೆ ನನಗೆ ಅಪಾರ ಗೌರವ ಇದೆ. ದಾಸರ ಪದ, ಜೈಮಿನಿ ಭಾರತ, ಬಸವಪುರಾಣ ಇವನ್ನೆಲ್ಲ ಸಂಗ್ರಹಿಸಿ ಅಚ್ಚಿಗೆ ತಂದವರು. ಅದೇ ಮಿಶನ್ನಿನ ಕಿಟ್ಟೆಲ್ 1894ರಲ್ಲಿ ಹೊರತಂದ ನಿಘಂಟು ಇವತ್ತಿಗೂ ನನ್ನ ಮೇಜಿನ ಮೇಲಿದೆ. ಅವರು ನಮ್ಮ ಪದಗಳನ್ನು ಪ್ರೀತಿಸಿದರು, ನಮ್ಮ ದೇವರನ್ನು ಒಪ್ಪಲಿಲ್ಲ. ಎರಡೂ ಒಂದೇ ಮನುಷ್ಯನಲ್ಲಿ ಇದ್ದವು. ಅವರ ಜಾಗದಲ್ಲಿ ನಿಂತು ನೋಡಿದರೆ ಒಂದು ವಿಷಯ ಅರ್ಥವಾಗುತ್ತದೆ. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಎಂದು ನಿಜವಾಗಿಯೂ ನಂಬಿದವನು ಬಾಗಿಲು ತಟ್ಟದೆ ಇರುವುದು ಹೇಗೆ? ಧರ್ಮ ಹೇಳಲು ಬಂದವರನ್ನೆಲ್ಲ ಕೆಟ್ಟವರು ಅನ್ನುವುದು ನನ್ನಿಂದ ಆಗುವುದಿಲ್ಲ. ನನ್ನ ಹತ್ತಿರ ಬಂದು ಪ್ರಾರ್ಥನೆ ಮಾಡಲಾ ಎಂದು ಕೇಳಿದ ವಿದ್ಯಾರ್ಥಿಗಳಿದ್ದಾರೆ. ಅವರ ಕಣ್ಣಲ್ಲಿ ಕಂಡದ್ದು ನನ್ನ ಮೇಲಿನ ಕಾಳಜಿ. ನಾನು ಬೇಡ ಅಂದೆ. ಸರಿ ಮೇಡಂ ಅಂದರು. ಮರುದಿನ ಎಂದಿನಂತೆ ನೋಟ್ಸ್ ಕೇಳಲು ಬಂದರು.

ನನ್ನ ಇಡೀ ಯೋಚನೆ ನಿಂತಿರುವುದು ಇಲ್ಲೇ. ಕೇಳಿಸಿಕೊಳ್ಳುವವನು "ಬೇಡ" ಅಂದರೆ ಅವನಿಗೆ ಏನು ನಷ್ಟ? ಏನೂ ನಷ್ಟ ಇಲ್ಲ ಅಂತಾದರೆ ಧಾರಾಳವಾಗಿ ಹೇಳಿ. ಬೈಬಲ್ ಕೊಡಿ, ಕುರಾನ್ ಕೊಡಿ, ಗೀತೆ ಕೊಡಿ, ದೇವರೇ ಇಲ್ಲ ಅನ್ನುವ ಪುಸ್ತಕವನ್ನೂ ಕೊಡಿ. ನಷ್ಟ ಇದೆ ಅಂತಾದರೆ ಬಾಯಿ ಮುಚ್ಚಿಕೊಂಡಿರಿ. ವಿದ್ಯಾರ್ಥಿಯ ಮುಂದೆ ನನಗೆ ಬಾಯಿ ಮುಚ್ಚಿಕೊಂಡಿರುವುದೇ ಧರ್ಮ. ಏಕೆಂದರೆ ಇಂಟರ್ನಲ್ಸ್ ಅಂಕ ನನ್ನ ಕೈಯಲ್ಲಿದೆ. ಹಾಜರಾತಿ ನನ್ನ ಕೈಯಲ್ಲಿದೆ. ನಾಳೆ ಎಂ.ಎ.ಗೆ ಶಿಫಾರಸು ಪತ್ರ ಬರೆಯಬೇಕಾದವಳೂ ನಾನೇ. ನಾನು ಎಷ್ಟೇ ಮೆತ್ತಗೆ "ಬನ್ನಿ, ನಮ್ಮ ಸತ್ಸಂಗಕ್ಕೆ" ಅಂದರೂ ಅದು ಹುಡುಗಿಯ ಕಿವಿಗೆ ಬೇರೆ ತರ ಬೀಳುತ್ತದೆ.

ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ವಿಲಿಯಂ ಮಿಲ್ಲರ್ ಅನ್ನುವ ಪ್ರಿನ್ಸಿಪಾಲ್ ಇದ್ದರು. 1862ರಲ್ಲಿ ಬಂದವರು ದಶಕಗಟ್ಟಲೆ ಅಲ್ಲೇ ಇದ್ದರು. ಅವರೂ ಮಿಶನರಿಯೇ. ಆದರೆ ಕಾಲೇಜಿನ ಕೆಲಸ ಹುಡುಗರಿಗೆ ದೀಕ್ಷಾಸ್ನಾನ ಮಾಡಿಸುವುದಲ್ಲ, ಅವರ ಯೋಚನೆಗೆ ಒಳ್ಳೆಯದನ್ನು ಬೆರೆಸಿ ಬಿಡುವುದು ಎಂದು ವಾದಿಸಿದರು. ಹಣ ಕಳಿಸುತ್ತಿದ್ದ ಸ್ಕಾಟ್ಲೆಂಡಿನವರಲ್ಲಿ ಕೆಲವರಿಗೆ ಇದು ಸಮಾಧಾನ ತರಲಿಲ್ಲ. ಇಷ್ಟು ಖರ್ಚು ಮಾಡಿ ಎಷ್ಟು ಜನ ಕ್ರೈಸ್ತರಾದರು ಎಂದು ಕೇಳಿದರು. ಅಷ್ಟಾದರೂ 1888ರಲ್ಲಿ ಒಬ್ಬ ಬ್ರಾಹ್ಮಣ ವಿದ್ಯಾರ್ಥಿ ಮತಾಂತರ ಆಗಲಿದ್ದಾನೆ ಎಂಬ ಸುದ್ದಿಗೆ ಅದೇ ಕಾಲೇಜಿನಲ್ಲಿ ಹುಡುಗರು ತರಗತಿ ಬಿಟ್ಟು ಗಲಾಟೆ ಎಬ್ಬಿಸಿದರು. ಅದರ ಹಿಂದಿನ ವರ್ಷವಷ್ಟೇ ಮದರಾಸಿನಲ್ಲಿ ಹಿಂದೂ ಟ್ರ್ಯಾಕ್ಟ್ ಸೊಸೈಟಿ ಹುಟ್ಟಿಕೊಂಡಿತ್ತು. ಮಿಶನರಿಗಳ ಹಾಗೆಯೇ ಕರಪತ್ರ ಅಚ್ಚು ಹಾಕುವುದು, ಮಿಶನರಿಗಳ ಹಾಗೆಯೇ ಬೀದಿಯಲ್ಲಿ ನಿಂತು ಬೋಧಿಸುವುದು. ಆ ಸೊಸೈಟಿಯ ಮೇಲೆ ನನಗೆ ಸಿಟ್ಟಿಲ್ಲ. ಬೀದಿಯಲ್ಲಿ ನಿಂತು ಮಾತಾಡುವವನಿಗೆ ಬೀದಿಯಲ್ಲೇ ನಿಂತು ಉತ್ತರ ಕೊಡುವುದು ಸರಿಯಾದ ದಾರಿ. ದಾರಿಹೋಕನಿಗೆ ಎರಡರಿಂದಲೂ ಮುಂದೆ ನಡೆದು ಹೋಗುವ ಸ್ವಾತಂತ್ರ್ಯ ಇದೆ. ತರಗತಿಯ ಬೆಂಚಿನ ಮೇಲೆ ಕೂತವನಿಗೆ ಅದಿಲ್ಲ.

ಇದನ್ನು ಬಹಳ ಹಿಂದೆಯೇ ಕಂಡವರು ಮದರಾಸಿನ ರಾಜಕೀಯ ನಾಯಕ ವಿ.ಎಸ್. ಶ್ರೀನಿವಾಸ ಶಾಸ್ತ್ರಿ. ಸರ್ಕಾರದ ಅನುದಾನ ಪಡೆಯುವ ಶಾಲೆಗಳಲ್ಲಿ ಬೈಬಲ್ ತರಗತಿಗೆ ಕೂರಲೇಬೇಕು ಅನ್ನುವುದು ತಪ್ಪು, ಬೇಡ ಅನ್ನುವವರಿಗೆ ಹೊರಗಿರಲು ಅವಕಾಶ ಬೇಕು ಎಂದು 1910ರ ದಶಕದಲ್ಲಿ ಒತ್ತಾಯಿಸಿದರು. ಮಿಶನ್ ಶಾಲೆಗಳನ್ನು ಮುಚ್ಚಿ ಅಂತ ಅವರು ಹೇಳಲಿಲ್ಲ. ಬೋಧಿಸಬೇಡಿ ಅಂತಲೂ ಅಲ್ಲ. ಬಾಗಿಲು ತೆರೆದಿಡಿ ಎಂದರು, ಅಷ್ಟೇ.

ಆ ತೆರೆದ ಬಾಗಿಲು ಈಗ ನಮ್ಮ ಸಂವಿಧಾನದಲ್ಲೇ ಇದೆ. 28ನೇ ವಿಧಿ ಅದು. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸಕೂಡದು. ವಿದ್ಯಾರ್ಥಿ ಅಪ್ರಾಪ್ತ ವಯಸ್ಸಿನವರಾದರೆ ಪೋಷಕರ ಒಪ್ಪಿಗೆ ಬೇಕು. ಹಾಗಂದರೆ, ಹದಿನೆಂಟು ತುಂಬಿದವರಿಗೆ ಅವರದ್ದೇ ಒಪ್ಪಿಗೆ. ಅಪ್ಪನದ್ದಲ್ಲ, ಅಮ್ಮನದ್ದಲ್ಲ, ಪ್ರಿನ್ಸಿಪಾಲರದ್ದೂ ಅಲ್ಲ. ಪದವಿ ಕಾಲೇಜಿನವರು ಇದನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಾಕಬೇಕು.

ಧರ್ಮ ಪ್ರಚಾರದ ಹಕ್ಕು 25ನೇ ವಿಧಿಯಲ್ಲಿದೆ. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್ 6ರಂದು ಅದರ ಮೇಲೆ ಬಿಸಿ ಚರ್ಚೆ ನಡೆಯಿತು. ಲೋಕನಾಥ ಮಿಶ್ರ ಅವರಂಥವರು ಪ್ರಚಾರದ ಹಕ್ಕು ಬೇಡವೇ ಬೇಡ ಎಂದರು. ಕೆ.ಎಂ. ಮುನ್ಷಿ ಇರಲಿ ಎಂದರು. ಇದೇ ಮುನ್ಷಿ ಅದಕ್ಕೂ ಹಿಂದೆ, ಬಲವಂತದಿಂದ ಅಥವಾ ಅನುಚಿತ ಪ್ರಭಾವದಿಂದ ಆದ ಮತಾಂತರಕ್ಕೆ ಕಾನೂನಿನ ಮಾನ್ಯತೆ ಇರಬಾರದು ಎಂದು ಪಟ್ಟು ಹಿಡಿದಿದ್ದವರು. ಹೇಳುವ ಹಕ್ಕು ಬೇಕು, ಒತ್ತುವ ಹಕ್ಕು ಬೇಡ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಂಡ ಆ ನಿಲುವು ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ.

1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ನಿನ್ನ ಧರ್ಮದ ತತ್ವವನ್ನು ಇನ್ನೊಬ್ಬರಿಗೆ ತಿಳಿಸುವ ಹಕ್ಕು ನಿನಗಿದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಇಲ್ಲ. ಈ ತೀರ್ಪನ್ನು ಎಲ್ಲ ಕಡೆ ಎತ್ತಿ ಹೇಳುತ್ತಾರೆ. ಆದರೆ ಅದು ಮಾತಾಡಿದ್ದು ಹೇಳುವವನ ಬಗ್ಗೆ. ಕೇಳಿದವಳು, ಕೇಳಿ ಒಪ್ಪಿದವಳು, ಅವಳ ಮಾತೇನು? ಅದು ಎದ್ದು ಬಂದದ್ದು ಹಾದಿಯಾ ಪ್ರಕರಣದಲ್ಲಿ.

ಅದು ನಿಜಕ್ಕೂ ಕ್ಯಾಂಪಸ್ಸಿನ ಕಥೆ. ಕೇರಳದ ಹುಡುಗಿ, ಸೇಲಂನಲ್ಲಿ ಹೋಮಿಯೋಪಥಿ ಓದುತ್ತಿದ್ದಳು. ಜೊತೆಗಿದ್ದ ಗೆಳತಿಯರು ಮುಸ್ಲಿಮರು. ಅವರ ಪ್ರಾರ್ಥನೆ, ನಡೆನುಡಿ ನೋಡಿ ತನಗೆ ಇಸ್ಲಾಂ ಮೇಲೆ ಮನಸ್ಸಾಯಿತು ಎಂದು ಅವಳು ಹೇಳಿದಳು. ತಂದೆ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಅವಳು ಮುಸ್ಲಿಂ ಯುವಕನೊಬ್ಬನನ್ನು ಮದುವೆಯಾದಳು. ಕೇರಳ ಹೈಕೋರ್ಟ್ 2017ರಲ್ಲಿ ಅವಳ ಮದುವೆಯನ್ನೇ ಅಸಿಂಧು ಮಾಡಿ ಅವಳನ್ನು ತಂದೆತಾಯಿಯ ಜೊತೆ ಕಳಿಸಿತು. 24 ವರ್ಷದ ಹುಡುಗಿ ದುರ್ಬಲಳು, ಅವಳನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿತ್ತು. ಸುಪ್ರೀಂ ಕೋರ್ಟ್ ಅದೇ ವರ್ಷ ನವೆಂಬರ್‌ನಲ್ಲಿ ಅವಳ ಮಾತು ಕೇಳಿ, ಓದು ಮುಗಿಸಲು ಮತ್ತೆ ಸೇಲಂಗೆ ಕಳಿಸಿತು. 2018ರ ಮಾರ್ಚ್‌ನಲ್ಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು.

ಆ ತಂದೆಯ ಸಂಕಟ ನನಗೆ ಅರ್ಥವಾಗುತ್ತದೆ. ಒಬ್ಬಳೇ ಮಗಳು. ಆದರೆ ನನ್ನ ತರಗತಿಯಲ್ಲಿ ಕೂರುವ ಹುಡುಗಿಯರ ವಯಸ್ಸು ಅವಳಿಗಿಂತ ನಾಲ್ಕೈದು ವರ್ಷ ಕಡಿಮೆ ಅಷ್ಟೇ. ಇವರು ಮತ ಹಾಕುತ್ತಾರೆ. ಇವರಲ್ಲಿ ಕೆಲವರು ಸಂಜೆ ಕೆಲಸ ಮಾಡಿ ಮನೆಗೆ ದುಡ್ಡು ಕಳಿಸುತ್ತಾರೆ. ದೇವರ ವಿಷಯ ಬಂದ ಕೂಡಲೇ ಇವರ ತಲೆ ಕೆಲಸ ಮಾಡುವುದಿಲ್ಲ ಅಂತ ನಾವು ಯಾಕೆ ತೀರ್ಮಾನಿಸುತ್ತೇವೆ?

ನಮ್ಮ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆ ಓದಿದಾಗ ನನಗೆ ನೋವಾದದ್ದು ಇದೇ ಕಾರಣಕ್ಕೆ. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆಮಿಷದ ಪಟ್ಟಿಯಲ್ಲಿ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲಾ ಕಾಲೇಜಿನಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿ ಎಲ್ಲವೂ ಇದ್ದವು. ಕಾನೂನು ಮೀರಿ ಮತಾಂತರ ಮಾಡಿಸಲ್ಪಟ್ಟವರು ಮಹಿಳೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಪ್ರಾಪ್ತರು ಅಥವಾ ಮಾನಸಿಕ ಅಸ್ವಸ್ಥರಾದರೆ ಶಿಕ್ಷೆ ಜಾಸ್ತಿ, ಹತ್ತು ವರ್ಷದವರೆಗೆ. ಹೊಸ ಸರ್ಕಾರ ಬಂದ ಮೇಲೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಕಾಯ್ದೆಯ ರಾಜಕೀಯ ಏನೇ ಇರಲಿ, ಜಾಸ್ತಿ ಶಿಕ್ಷೆಯ ಆ ಪಟ್ಟಿಯನ್ನೊಮ್ಮೆ ನೋಡಿ. ಎಲ್ಲ ಹೆಂಗಸರನ್ನೂ ಎಲ್ಲ ದಲಿತರನ್ನೂ ಚಿಕ್ಕ ಮಕ್ಕಳ ಸಾಲಿನಲ್ಲಿ ಕೂರಿಸಿದ್ದಾರೆ. ನನ್ನ ತರಗತಿಯಲ್ಲಿ ಮುಕ್ಕಾಲು ಪಾಲು ಇರುವುದು ಅವರೇ. ಸೆಮಿನಾರ್‌ನಲ್ಲಿ ನನ್ನ ವಾದವನ್ನು ಸಾಲು ಸಾಲಾಗಿ ಬಿಡಿಸಿ ಪ್ರಶ್ನೆ ಹಾಕುವವರೂ ಅವರೇ.

ಅಂಬೇಡ್ಕರ್ ಅವರು ಹಿಂದೂವಾಗಿ ಸಾಯುವುದಿಲ್ಲ ಎಂದು ಯೆವಲಾದಲ್ಲಿ ಹೇಳಿದ್ದು 1935ರಲ್ಲಿ. ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಆ ಇಡೀ ಅವಧಿಯಲ್ಲಿ ಓದಿದರು, ಹೋಲಿಸಿದರು, ಬೇರೆ ಬೇರೆ ಧರ್ಮದವರ ಮಾತು ಕೇಳಿದರು. ಬೇರೆ ಬೇರೆ ಧರ್ಮದವರು ತಮ್ಮಲ್ಲಿಗೆ ಬನ್ನಿ ಎಂದು ಅವರನ್ನು ಕರೆದರು ಕೂಡ. ಕರೆದದ್ದು ತಪ್ಪಾಯಿತೇ? ಒಬ್ಬ ದಲಿತ ವಿದ್ಯಾರ್ಥಿ ನನಗೆ ಒಮ್ಮೆ ಕೇಳಿದ ಪ್ರಶ್ನೆ ಈಗಲೂ ನನ್ನ ತಲೆಯಲ್ಲಿದೆ: "ಮೇಡಂ, ಊರಲ್ಲಿ ನಮಗೆ ದೇವಸ್ಥಾನದ ಒಳಗೆ ಬಿಡದಿದ್ದಾಗ ಯಾರೂ ಜಿಲ್ಲಾಧಿಕಾರಿಗೆ ಅರ್ಜಿ ಕೊಡಲಿಲ್ಲ. ನಾವು ಹೊರಗೆ ಹೋದರೆ ಮಾತ್ರ ಯಾಕೆ ಅರ್ಜಿ?"

ಆದರೆ ಆಮಿಷ ಅನ್ನುವುದು ಪೂರಾ ಕಟ್ಟುಕಥೆಯೂ ಅಲ್ಲ. ಹಸಿವು, ಸಾಲ, ಒಂಟಿತನ ಇವು ನಿಜ. ನನಗೆ ಬಹಳ ಕಷ್ಟವಾದದ್ದು ಒಬ್ಬ ಹುಡುಗಿಯ ವಿಷಯದಲ್ಲಿ. ಘಟ್ಟದ ಮೇಲಿನ ಊರಿನವಳು, ಪಿಜಿಯಲ್ಲಿದ್ದಳು. ತಂದೆ ಮಂಗಳೂರಿನ ಆಸ್ಪತ್ರೆಗೆ ದಾಖಲಾದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಅವಳ ಜೊತೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತವರು ಅವಳ ಸಹಪಾಠಿಯ ಪ್ರಾರ್ಥನಾ ಗುಂಪಿನವರು. ಊಟ ತಂದರು. ರಕ್ತಕ್ಕೆ ಓಡಾಡಿದರು. ರಾತ್ರಿ ಪ್ರಾರ್ಥಿಸಿದರು. ತಿಂಗಳುಗಳ ನಂತರ ಅವಳು ಭಾನುವಾರ ಅವರ ಸಭೆಗೆ ಹೋಗಲು ಶುರು ಮಾಡಿದಳು. ತಾಯಿ ನನ್ನ ಹತ್ತಿರ ಬಂದು ಅತ್ತರು. "ಅವಳ ದುಃಖ ನೋಡಿ ಹಿಡಿದುಕೊಂಡರು ಮೇಡಂ."

ಹುಡುಗಿಯನ್ನು ಕೂರಿಸಿ ಮಾತಾಡಿದೆ. ಅವಳು ಹೇಳಿದ್ದು: "ಅವರು ಬಂದರು ಮೇಡಂ. ನಮ್ಮ ಕಡೆಯವರು ಹನ್ನೊಂದನೇ ದಿನಕ್ಕೆ ಬಂದರು."

ನಾನು ಅವಳಿಗೆ ಒಂದೇ ವಿಷಯ ಕೇಳಿದೆ. ನಾಳೆ ನೀನು ಸಭೆಗೆ ಬರಲ್ಲ ಅಂದರೆ ಅವರು ನಿನ್ನ ಜೊತೆ ಮೊದಲಿನ ಹಾಗೆಯೇ ಇರುತ್ತಾರಾ? ಅವಳು ತಕ್ಷಣ ಉತ್ತರ ಕೊಡಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಕೆಲವು ವಾರ ಹೋಗುವುದು ಬಿಟ್ಟಳು. ಆ ಗೆಳತಿ ಆಗಲೂ ಟಿಫಿನ್ ಡಬ್ಬಿಯಲ್ಲಿ ಅವಳಿಗೂ ಸೇರಿಸಿ ತರುತ್ತಿದ್ದಳು. ಗುಂಪಿನ ಹಿರಿಯರೊಬ್ಬರು ಮಾತ್ರ ಫೋನ್ ಮಾಡಿ, ದೇವರು ಮಾಡಿದ ಉಪಕಾರ ಮರೆತೆಯಾ ಎಂದು ಕೇಳಿದರಂತೆ. ಒಂದೇ ಗುಂಪು, ಇಬ್ಬರು ಮನುಷ್ಯರು. ಗೆಳತಿ ಕೊಟ್ಟದ್ದು ಸ್ನೇಹ. ಹಿರಿಯರು ಅದಕ್ಕೆ ಬಿಲ್ಲು ಕಳಿಸಿದರು. ತಾಯಿಗೂ ಇದನ್ನೇ ಹೇಳಿದೆ: ಮಗಳ ಗೆಳತಿಯ ಮೇಲೆ ಸಿಟ್ಟು ಮಾಡಬೇಡಿ, ಆ ಫೋನ್ ಮಾಡಿದವರ ಮೇಲೆ ಮಾಡಿ. ಹುಡುಗಿ ಕೊನೆಗೆ ಏನು ನಿರ್ಧಾರ ಮಾಡಿದಳು ಅನ್ನುವುದು ಅವಳ ವಿಷಯ, ಇಲ್ಲಿ ಬರೆಯುವುದಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ಹೆಸರು ಮುಚ್ಚಿಟ್ಟು ಕರೆಯುವವರ ಮೇಲೆ. "ಒತ್ತಡ ನಿವಾರಣೆ ಕಾರ್ಯಾಗಾರ", "ವ್ಯಕ್ತಿತ್ವ ವಿಕಸನ ಶಿಬಿರ", "ನಾಯಕತ್ವ ತರಬೇತಿ". ಪೋಸ್ಟರ್‌ನಲ್ಲಿ ಯಾವ ಸಂಸ್ಥೆ ಅಂತ ಇರುವುದಿಲ್ಲ. ಮೊದಲ ದಿನ ಆಟ, ಹಾಡು, ಉಸಿರಾಟದ ವ್ಯಾಯಾಮ. ಎರಡನೇ ದಿನ ಗುರುಗಳ ಫೋಟೊ ಬರುತ್ತದೆ, ಅಥವಾ ಸಾಕ್ಷಿ ಹೇಳುವವರು ಬರುತ್ತಾರೆ, ಅಥವಾ ನಮ್ಮ ಧರ್ಮ ಅಪಾಯದಲ್ಲಿದೆ ಅನ್ನುವ ಭಾಷಣ ಬರುತ್ತದೆ. ಎಲ್ಲ ಧರ್ಮದವರೂ ಇದನ್ನು ಮಾಡಿದ್ದನ್ನು ನೋಡಿದ್ದೇನೆ. ನಂಬಿಕೆ ಅಷ್ಟು ಒಳ್ಳೆಯದಾಗಿದ್ದರೆ ಅದರ ಹೆಸರು ಹೇಳಲು ಹಿಂಜರಿಕೆ ಯಾಕೆ?

ಇನ್ನು ಬಹುಸಂಖ್ಯಾತರ ವಿಷಯ. ಮತಪ್ರಚಾರ ಅಂದ ಕೂಡಲೇ ನಮ್ಮ ಕಣ್ಣು ಚರ್ಚಿನ ಕಡೆ, ಮಸೀದಿಯ ಕಡೆ ಹೋಗುತ್ತದೆ. ಕಾಲೇಜಿನ ಸಭಾಂಗಣದಲ್ಲಿ ನಡೆಯುವ ಶಾರದಾ ಪೂಜೆಯ ಕಡೆ ಹೋಗುವುದಿಲ್ಲ. ನಾನು ಹಿಂದೂ ಮನೆಯವಳು, ಪೂಜೆಯ ದಿನ ಸೀರೆ ಉಟ್ಟು ಹೋಗುವವಳು. ನನಗದು ಇಷ್ಟ. ಆದರೆ ಎಲ್ಲರಿಂದಲೂ ಪಟ್ಟಿ (ವಂತಿಗೆ) ಎತ್ತಿ, ತರಗತಿವಾರು ಹಾಜರಿ ಕರೆದು, "ಇದು ಸಂಸ್ಕೃತಿ, ಧರ್ಮ ಅಲ್ಲ" ಅನ್ನುವಾಗ ಹಿಂದಿನ ಸಾಲಿನ ಹುಡುಗಿ ಬೇಡ ಅನ್ನುವುದು ಹೇಗೆ? ಬೇಡ ಅಂದರೆ ಅಹಂಕಾರಿ ಅನ್ನಿಸಿಕೊಳ್ಳುತ್ತಾಳೆ. ಅವಳು ಕ್ರೈಸ್ತಳೋ ಮುಸ್ಲಿಮಳೋ ಆಗಿರಬೇಕು ಅಂತಲೂ ಇಲ್ಲ. ದೇವರನ್ನು ನಂಬದ ಹಿಂದೂ ಹುಡುಗಿಯೂ ಇರಬಹುದು.

1986ರ ಬಿಜೋ ಇಮ್ಯಾನುವೆಲ್ ತೀರ್ಪನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಕೇರಳದ ಮೂವರು ಮಕ್ಕಳು, ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದುಹಾಕಿದರು. ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿ ಎಂದಿತು. ಎದ್ದು ನಿಂತ ಮಕ್ಕಳಿಂದ ಯಾರಿಗೂ ಏನೂ ಹೋಗಿರಲಿಲ್ಲ. 2022ರಲ್ಲಿ ಉಡುಪಿಯಿಂದ ಶುರುವಾದ ಹಿಜಾಬ್ ಗಲಾಟೆಯಲ್ಲೂ ನನಗೆ ಕಂಡದ್ದು ಇದೇ. ತಲೆಗೆ ಬಟ್ಟೆ ಸುತ್ತಿಕೊಂಡ ಹುಡುಗಿ ಪಕ್ಕದವಳಿಗೆ ನೀನೂ ಸುತ್ತಿಕೋ ಅನ್ನುತ್ತಿರಲಿಲ್ಲ. ಹೈಕೋರ್ಟ್ ಸರ್ಕಾರದ ಆದೇಶ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಕಡೆ ಹೋದರು. ಈ ನಡುವೆ ಕೆಲವು ಹುಡುಗಿಯರು ಪರೀಕ್ಷೆ ಬಿಟ್ಟರು. ಅದರ ಲೆಕ್ಕ ಯಾರು ಕೊಡುತ್ತಾರೆ?

ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ಮಾಡಿದ ತೀರ್ಮಾನ ಅದು. ಎರಡು ದರ್ಶನಗಳಿಗೂ ಭೇದವಿಲ್ಲ ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸುವುದು ಅದರ ಮುಂದಿನ ಮಾತು. ಜೈನ ದರ್ಶನಕ್ಕೆ ಹಾನಿಯಾದರೆ ಅದನ್ನು ತಮ್ಮದೇ ಹಾನಿ ಎಂದು ವೈಷ್ಣವರು ಭಾವಿಸಿ ಕಾಪಾಡಬೇಕು. ಅಂದರೆ ಜೈನರಿಗೆ "ಹೊಂದಿಕೊಂಡು ಹೋಗಿ" ಅಂತ ಬುದ್ಧಿ ಹೇಳಿ ಕಳಿಸಲಿಲ್ಲ. ಹೆಚ್ಚು ಬಲ ಇದ್ದವರ ಮೇಲೆ ಹೆಚ್ಚು ಭಾರ ಹೊರಿಸಿದರು. ಆರೂವರೆ ಶತಮಾನದ ಹಿಂದೆ ಒಬ್ಬ ರಾಜನಿಗೆ ಹೊಳೆದದ್ದು ನಮ್ಮ ಕಾಲೇಜು ಆಡಳಿತ ಮಂಡಳಿಗಳಿಗೆ ಹೊಳೆಯಬೇಡವೇ?

ಕೆಲವು ಕಾಲೇಜುಗಳು ಸುಲಭದ ದಾರಿ ಹಿಡಿದಿವೆ. ಕ್ಯಾಂಪಸ್ಸಿನೊಳಗೆ ಧರ್ಮದ ಮಾತೇ ಬೇಡ. ಪುಸ್ತಕ ಹಂಚಬೇಡಿ, ಚರ್ಚೆ ಮಾಡಬೇಡಿ. ಇದರಿಂದ ಮಾತು ನಿಲ್ಲುವುದಿಲ್ಲ. ಪಿಜಿಯ ಕೋಣೆಗೆ ಹೋಗುತ್ತದೆ, ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅಲ್ಲಿ ಎದುರು ಮಾತಾಡುವವರು ಇರುವುದಿಲ್ಲ. ಒಂದೇ ದನಿ ಕೇಳಿಸಿಕೊಂಡ ಹುಡುಗ ಅದೇ ಲೋಕ ಅಂದುಕೊಳ್ಳುತ್ತಾನೆ. ಆಮೇಲೆ ಅದೇ ಹುಡುಗ ಬೇರೆ ಧರ್ಮದ ಸಹಪಾಠಿಗಳು ಒಟ್ಟಿಗೆ ಐಸ್‌ಕ್ರೀಂ ತಿಂದದ್ದಕ್ಕೆ ಬೈಕು ಅಡ್ಡ ಹಾಕಲು ಹೋಗುತ್ತಾನೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ನಾನು ಇಟ್ಟ ಪ್ರಸ್ತಾಪ ಚಿಕ್ಕದು. ವಿದ್ಯಾರ್ಥಿಗಳು ನಡೆಸುವ ಯಾವುದೇ ಧಾರ್ಮಿಕ ಕಾರ್ಯಕ್ರಮಕ್ಕೆ ಅವಕಾಶ ಇರಲಿ. ಪೋಸ್ಟರ್‌ನಲ್ಲಿ ಯಾವ ಸಂಸ್ಥೆ, ಯಾವ ನಂಬಿಕೆ ಅನ್ನುವುದು ಸ್ಪಷ್ಟವಾಗಿ ಇರಲೇಬೇಕು. ಹಾಜರಾತಿ ಕೊಡುವಂತಿಲ್ಲ, ಪಟ್ಟಿ ಎತ್ತುವಂತಿಲ್ಲ. ಅಧ್ಯಾಪಕರು, ವಾರ್ಡನ್‌ಗಳು ಯಾರನ್ನೂ ಕರೆಯುವಂತಿಲ್ಲ. ಶಾರದಾ ಪೂಜೆಗೂ ಇದೇ ನಿಯಮ.

ಕೊನೆಯ ಸಾಲಿಗೆ ಎಲ್ಲರೂ ತಲೆ ಎತ್ತಿದರು. ಹಿರಿಯ ಸಹೋದ್ಯೋಗಿಯೊಬ್ಬರು, ನಾನು ತುಂಬಾ ಗೌರವಿಸುವವರು, ಕೇಳಿದರು: "ಪೂಜೆಯನ್ನೂ ಪ್ರಚಾರವನ್ನೂ ಒಂದೇ ತಕ್ಕಡಿಯಲ್ಲಿ ಹಾಕ್ತೀರಾ ಮೇಡಂ?" ನಾನು ಹೇಳಿದೆ: "ಹಾಕುವುದಿಲ್ಲ ಸರ್. ಪೂಜೆ ಬೇರೆ, ಪ್ರಚಾರ ಬೇರೆ. ಆದರೆ ಎರಡಕ್ಕೂ ಬಾರದೆ ಇರುವ ಹುಡುಗಿ ಒಬ್ಬಳೇ. ಅವಳಿಗಾಗಿ ಈ ನಿಯಮ." ಅವರು ಒಪ್ಪಲಿಲ್ಲ. ಪೋಸ್ಟರ್ ನಿಯಮ ಪಾಸಾಯಿತು, ಪಟ್ಟಿ ಎತ್ತುವುದೂ ನಿಂತಿತು. ಪೂಜೆಯ ಹಾಜರಾತಿಯ ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ನಾನು ಮತ್ತೆ ಎತ್ತುತ್ತೇನೆ. ಈ ಸಲ 28ನೇ ವಿಧಿಯ ಪ್ರತಿಯನ್ನು ಎಲ್ಲರ ಮುಂದೆ ಒಂದೊಂದು ಇಡಬೇಕು ಅಂದುಕೊಂಡಿದ್ದೇನೆ. ಅದನ್ನು ಜೆರಾಕ್ಸ್ ಮಾಡಿಸಿ ತರುವ ಕೆಲಸವನ್ನು ಮೂರನೇ ವರ್ಷದ ಹುಡುಗಿಯರು ತಾವೇ ವಹಿಸಿಕೊಂಡಿದ್ದಾರೆ.